ಎರಡು ಡಬ್ಬಿಗೆ ಒಂದೇ ಹೆಸರು

ಅವರ ಎಡಗೈಯ ಕಿರುಬೆರಳಿನ ಉಗುರಿಗೆ ಮಾತ್ರ ಕೆಂಪು ಬಣ್ಣ ಇರುತ್ತಿತ್ತು. ಉಳಿದ ಒಂಬತ್ತು ಉಗುರುಗಳನ್ನು ಬುಡಕ್ಕೆ ಕತ್ತರಿಸಿ ಬೋಳಾಗಿ ಬಿಟ್ಟಿರುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕಾಟನ್ ಚೂಡಿದಾರ್, ಬಿಗಿಯಾಗಿ ಕಟ್ಟಿದ ತುರುಬು, ದಪ್ಪ ಗಾಜಿನ ಕನ್ನಡಕ. ಇದಕ್ಕೂ ಆ ಕೆಂಪು ಉಗುರಿಗೂ ಏನೂ ತಾಳೆಯಾಗುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಯಾವುದೋ ಹರಕೆ ಇರಬೇಕು ಅಂದುಕೊಂಡೆ. ಅಂದುಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಅರ್ಧ ಗಂಟೆಯಲ್ಲಿ ಕೇಳಿಯೇ ಬಿಟ್ಟೆ.

“ಬಾಟ್ಲಿ ಒಣಗಿದೆಯಾ ಅಂತ ನೋಡ್ಲಿಕ್ಕೆ ಒಂದು ಉಗುರು ಸಾಕು,” ಅಂದರು.

“ಮತ್ತೆ ಬಾಟ್ಲಿ ಯಾತಕ್ಕೆ?”

“ಡಬ್ಬಿಗೆ ಹಾಕ್ಲಿಕ್ಕೆ ಮಾರಾಯ್ತಿ. ಉಗುರಿಗೆ ಯಾರು ಹಾಕ್ತಾರೆ?”

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಆಗಲೇ ಕಂಪ್ಯೂಟರಿನ ಕಡೆ ತಿರುಗಿಬಿಟ್ಟಿದ್ದರು.

ಅದು ಎರಡು ಸಾವಿರದ ಐದನೆಯ ಇಸವಿ. ಮೈಸೂರಿನಿಂದ ಗಂಡನ ಜೊತೆ ಸಿಡ್ನಿಗೆ ಬಂದು ಎಪ್ಪಿಂಗಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಕೂತು, ಕಂಡಕಂಡ ಕಂಪನಿಗೆಲ್ಲ ಅರ್ಜಿ ಹಾಕಿ ಹಾಕಿ ಸಾಕಾಗಿ, ಕೊನೆಗೆ ನನಗೊಂದು ಕೆಲಸ ಸಿಕ್ಕಿತ್ತು. ಸಣ್ಣ ಕಂಪನಿ. ಶಾಲೆಗಳಿಗೆ, ಕ್ಲಬ್ಬುಗಳಿಗೆ ಇಂಟರ್‌ನೆಟ್ಟಿನಲ್ಲಿ ತುಂಬುವ ಫಾರಂಗಳನ್ನು ಮಾಡಿಕೊಡುತ್ತಿತ್ತು. ಪುಟ ಬರೆಯುವವರು ಸಿಡ್ನಿಯಲ್ಲಿ, ಬರೆದದ್ದನ್ನು ಪರೀಕ್ಷೆ ಮಾಡುವವರು ಮೆಲ್ಬರ್ನಿನಲ್ಲಿ. ಪರೀಕ್ಷೆ ಮಾಡುವವರು ಅಂದರೆ ಅವರೊಬ್ಬರೇ. ಅವರು ಸಹಿ ಹಾಕದೆ ಯಾವ ಪುಟವೂ ಹೊರಗೆ ಹೋಗುವಂತಿರಲಿಲ್ಲ. ಹೊಸಬಳಿಗೆ ಕೆಲಸ ತೋರಿಸಿಕೊಡಲು ಮೊದಲ ವಾರ ಸಿಡ್ನಿಗೆ ಬಂದಿದ್ದರು. ಕನ್ನಡದವರು ಅಂತ ತಿಳಿದದ್ದೇ ತಡ, ನಾನು ಬಾಯಿ ತುಂಬ ‘ಆಂಟಿ’ ಅಂದೆ.

“ಆಫೀಸಿನಲ್ಲಿ ಆಂಟಿ ಗೀಂಟಿ ಬೇಡ. ಎಲ್ಲರೂ ಹೆಸರು ಹಿಡಿದು ಕರೀತಾರೆ, ನೀನೂ ಕರಿ.”

ನನ್ನ ತಾಯಿಗಿಂತ ಎರಡು ವರ್ಷ ಚಿಕ್ಕವರಷ್ಟೆ. ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳಲಿಲ್ಲ. ಕೊನೆಗೆ ಇಬ್ಬರೂ ‘ಅಕ್ಕ’ ಅನ್ನುವುದಕ್ಕೆ ರಾಜಿಯಾದೆವು.

ಅಕ್ಕ ಉಡುಪಿಯ ಕಡೆಯವರು, ಮನೆಯಲ್ಲಿ ತುಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಮೆಲ್ಬರ್ನ್ ಹತ್ತಿರದ ಡ್ಯಾಂಡಿನಾಂಗಿನ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದರಂತೆ. ವರ್ಷಗಟ್ಟಲೆ ಒಂದೇ ಥರ ಮಡಿಸಿ ಮಡಿಸಿ ಬೆರಳಿನ ಗಂಟುಗಳು ಮರಗಟ್ಟಿದ್ದವು, ಬಲಗೈ ಸಣ್ಣಗೆ ನಡುಗುತ್ತಿತ್ತು. ಆ ಕೈ ಇನ್ನು ಕಾರ್ಖಾನೆಗೆ ಆಗುವುದಿಲ್ಲ ಅಂತ ತಿಳಿದಾಗ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತು ಈ ಕೆಲಸ ಹಿಡಿದಿದ್ದರು. ಇದನ್ನೆಲ್ಲ ಅವರು ಬೇರೆ ಯಾರದೋ ಕತೆಯ ಹಾಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಿದರು.

ಕೆಲಸದಲ್ಲಿ ಮಾತ್ರ ಅವರು ಯಮ. ನಾವು ಪುಟವನ್ನು ನೋಡುತ್ತಿದ್ದೆವು, ಅವರು ಓದುತ್ತಿದ್ದರು, ತುಟಿ ಅಲ್ಲಾಡಿಸಿಕೊಂಡು, ಒಂದೊಂದೇ ಸಾಲು. ತಪ್ಪು ಕಂಡರೆ ದೋಷದ ಪಟ್ಟಿಗೆ ಸೇರಿಸಿ, ಕೊನೆಯಲ್ಲಿ ತಪ್ಪದೆ ‘ಪ್ಲೀಸ್ ಸೀ’ ಅಂತ ಬರೆಯುತ್ತಿದ್ದರು. ‘ಬಟನ್ ಎರಡು ಸಲ ಒತ್ತಿದರೆ ಎರಡು ಅರ್ಜಿ ಹೋಗುತ್ತದೆ. ಪ್ಲೀಸ್ ಸೀ.’ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಸಾಲಾಗಿ ‘ಪ್ಲೀಸ್ ಸೀ’ಗಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಈಯಮ್ಮನಿಗೆ ಮಾಡಲು ಬೇರೆ ಕೆಲಸವಿಲ್ಲವೇ ಅಂತ ಗಂಡನ ಹತ್ತಿರ ಕೂಗಾಡುತ್ತಿದ್ದೆ. ಅವನು ಪಾಪ, ಹುರಿದ ಕಡ್ಲೆಬೀಜ ಬಾಯಿಗೆ ಹಾಕಿಕೊಳ್ಳುತ್ತ ತಲೆ ಆಡಿಸುತ್ತಿದ್ದ.

ಮೂರು ತಿಂಗಳ ಪ್ರೊಬೇಷನ್ ಮುಗಿಯುತ್ತ ಬಂದಾಗ ನನಗೆ ಮೊದಲ ದೊಡ್ಡ ಕೆಲಸ ಬಂತು. ಶಾಲೆಯ ರಜೆಯಲ್ಲಿ ಮಕ್ಕಳನ್ನು ದಿನವಿಡೀ ನೋಡಿಕೊಂಡು ಊಟ ಹಾಕುವ ಶಿಬಿರವೊಂದರ ಫಾರಂ. ತಂದೆ ತಾಯಿ ಮಕ್ಕಳ ಹೆಸರು, ತರಗತಿ, ಯಾವ ತಿಂಡಿ ಆಗುವುದಿಲ್ಲ ಅನ್ನುವುದನ್ನೆಲ್ಲ ತುಂಬಬೇಕು. ನಾನು ಜಾಣೆಯಲ್ಲವೇ, ಒಂದು ಮಗುವಿನ ವಿವರಕ್ಕೆ ಒಂದು ಟೆಂಪ್ಲೇಟ್ ಬರೆದು ಇಟ್ಟೆ. ‘ಇನ್ನೊಂದು ಮಗು ಸೇರಿಸಿ’ ಅಂತ ಒತ್ತಿದರೆ ಅದೇ ಟೆಂಪ್ಲೇಟ್ ಕೆಳಗೆ ಮತ್ತೊಮ್ಮೆ ಬಂದು ಕೂರುತ್ತಿತ್ತು. ಎರಡು ಮಗುವಿಗೆ ಎರಡು ಸಲ, ಐದಿದ್ದರೆ ಐದು ಸಲ. ದೋಸೆ ಹುಯ್ದ ಹಾಗೆ, ಒಂದರ ಹಾಗೇ ಇನ್ನೊಂದು. ಮ್ಯಾನೇಜರ್ ಬೆನ್ನು ತಟ್ಟಿದ. ಸೋಮವಾರ ಫಾರಂ ಜನರಿಗೆ ತೆರೆಯಬೇಕು ಅಂತ ನಿಗದಿಯಾಯಿತು.

ಅದಕ್ಕೆ ಆರು ದಿನ ಮೊದಲು, ಮಂಗಳವಾರ, ಮೆಲ್ಬರ್ನಿನಿಂದ ಫೋನು.

“ಎಂಥ ಮಾರಾಯ್ತಿ, ಎರಡನೇ ಮಗುವಿಗೆ ನೆಲಗಡಲೆ ಆಗುದಿಲ್ಲ ಅಂತ ಹೇಳಿದ್ರೆ ನಿನ್ನ ಪೇಜು ಮೊದಲನೇ ಮಗುವಿನ ಹತ್ರ ಟಿಕ್ ಹಾಕ್ತದಲ್ಲ.”

ನಾನು ಅಲ್ಲೇ ತೆರೆದು ನೋಡಿದೆ. ಎರಡು ಮಗು ಸೇರಿಸಿದೆ, ಎರಡನೆಯದರ ಕಡ್ಲೆಬೀಜದ ಚೌಕ ಒತ್ತಿದೆ. ಟಿಕ್ ಅಲ್ಲೇ ಬಿತ್ತು. ಮತ್ತೆ ಒತ್ತಿದೆ, ಹೋಯಿತು. ಮತ್ತೆ ಒತ್ತಿದೆ, ಬಂತು.

“ನನ್ನಲ್ಲಿ ಸರಿಯಾಗಿದೆಯಲ್ಲಕ್ಕ.”

“ನನ್ನಲ್ಲಿ ಸರಿ ಇಲ್ಲ.”

ದೋಷದ ಪಟ್ಟಿಯಲ್ಲಿ ಅದರ ಮುಂದೆ ದೋಷವಿಲ್ಲ ಅಂತ ಬರೆದು ಮುಚ್ಚಿದೆ. ಹತ್ತು ನಿಮಿಷದಲ್ಲಿ ಮತ್ತೆ ತೆರೆದುಕೊಂಡಿತು. ‘ಎರಡನೇ ಮಗುವಿನ ನೆಲಗಡಲೆ ಒತ್ತಿ. ಪ್ಲೀಸ್ ಸೀ.’ ಮತ್ತೆ ಒತ್ತಿ ನೋಡಿ ಮತ್ತೆ ಮುಚ್ಚಿದೆ. ಮತ್ತೆ ತೆರೆದರು. ಹೀಗೆ ಮೂರು ಸಲ. ನನ್ನ ರಕ್ತ ಕುದಿಯುತ್ತಿತ್ತು. ಈ ಒಂದು ಸಹಿಯಿಂದ ಫಾರಂ ನಿಂತರೆ ನನ್ನ ಕೆಲಸ ಕಾಯಂ ಆಗುವುದೂ ನಿಲ್ಲಬಹುದು ಅಂತ ಒಳಗೊಳಗೇ ಪುಕುಪುಕು ಬೇರೆ.

ಬುಧವಾರ ಎರಡೂ ಊರಿನವರು ಕೂಡಿದ ಫೋನ್ ಮೀಟಿಂಗಿನಲ್ಲಿ ಮ್ಯಾನೇಜರ್ ಏನು ಸಮಾಚಾರ ಅಂತ ಕೇಳಿದ. ನಾವಿಬ್ಬರೂ ಯಾವಾಗಲೂ ಕನ್ನಡದಲ್ಲೇ ಮಾತಾಡುವವರು. ಜಗಳವೂ ಕನ್ನಡದಲ್ಲೇ. ಅವತ್ತು ನಾನು ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ: ತೊಂದರೆ ಪುಟದ್ದಲ್ಲ, ಅವರ ಕೈಯದು. ಅವರ ಕೈ ನಡುಗುತ್ತದೆ, ಮೌಸ್ ಜಾರಿ ಬೇರೆ ಕಡೆ ಒತ್ತಿರುತ್ತಾರೆ.

ಆ ಕಡೆಯಿಂದ ಅಕ್ಕನ ದನಿ ಬಂತು, ಅದೂ ಇಂಗ್ಲಿಷಿನಲ್ಲೇ. “ಐ ವಿಲ್ ನಾಟ್ ಸೈನ್.” ಅಷ್ಟೆ.

ನಾಳೆಯೇ ಮೆಲ್ಬರ್ನಿಗೆ ಹೋಗಿ ಅವರ ಪಕ್ಕ ಕೂತು ಇದನ್ನು ಮುಗಿಸಿಕೊಂಡು ಬಾ ಅಂತ ಮ್ಯಾನೇಜರ್ ನನಗೆ ಹೇಳಿದ. ಸಂಜೆ ಬಟ್ಟೆ ಜೋಡಿಸುತ್ತಿದ್ದಾಗ ಅವರ ಫೋನು ಬಂತು. ಬೈಸಿಕೊಳ್ಳಲು ತಯಾರಾಗಿ ಎತ್ತಿದೆ.

“ಹೋಟೆಲಿಗೆ ಹೋಗ್ಬೇಡ. ಕೆಲಸ ಮುಗಿಸಿ ನಮ್ಮ ಮನೆಗೇ ಹೋಗುವ. ಗ್ಲೆನ್ ವೇವರ್ಲಿ ಕೊನೇ ಸ್ಟೇಷನ್, ರೈಲಿನಲ್ಲಿ ನಿದ್ದೆ ಹೋದ್ರೂ ತಪ್ಪುದಿಲ್ಲ. ಸ್ವೆಟರ್ ತಕೊಂಡು ಬಾ, ಇಲ್ಲಿ ಚಳಿ ಉಂಟು.”

ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಗುರುವಾರ ಮಧ್ಯಾಹ್ನ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಇಬ್ಬರೂ ಬುಧವಾರದ ಮಾತು ಎತ್ತಲಿಲ್ಲ. “ಈಗ ನೀನು ಎಂಥದೂ ಮುಟ್ಬೇಡ. ನಾನು ಮಾಡ್ತೇನೆ, ನೀನು ನೋಡು,” ಅಂದರು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡರು. ಬಾಣದ ಗುರುತು ಪರದೆಯ ಮೇಲೆ ನಿಧಾನವಾಗಿ ಸಾಗಿ ಎರಡನೆಯ ಮಗುವಿನ ಚೌಕದ ಹತ್ತಿರ ಹೋಯಿತು. ಚೌಕದ ಮೇಲೆ ನಿಲ್ಲಲಿಲ್ಲ. ಅದನ್ನು ದಾಟಿ ಪಕ್ಕದಲ್ಲಿ ಬರೆದಿದ್ದ ‘ಕಡಲೆಕಾಯಿ ಅಲರ್ಜಿ’ ಅನ್ನುವ ಅರ್ಥದ ಇಂಗ್ಲಿಷ್ ಮಾತಿನ ಮೇಲೆ ನಿಂತಿತು. ಅಲ್ಲಿ ಒತ್ತಿದರು.

ಚೌಕ ಖಾಲಿಯಾಗಿಯೇ ಇತ್ತು. ಪುಟವನ್ನು ಮೇಲಕ್ಕೆ ಸರಿಸಿದರು. ಮೊದಲನೆಯ ಮಗುವಿನ ಚೌಕದಲ್ಲಿ ಟಿಕ್ ಕೂತಿತ್ತು.

“ನೀವು ಚೌಕ ಒತ್ತೋದೇ ಇಲ್ವಾ ಅಕ್ಕ?”

“ಅಷ್ಟು ಸಣ್ಣ ಚೌಕಕ್ಕೆ ಗುರಿ ಇಡ್ಲಿಕ್ಕೆ ನನ್ನ ಕೈಗೆ ಆಗುದಿಲ್ಲ. ಅಕ್ಷರ ಉದ್ದಕ್ಕೆ ಉಂಟಲ್ಲ, ಅದರ ಮೇಲೆ ಒತ್ತುದು. ಯಾಕೆ, ನೀವೆಲ್ಲ ಹಾಗೆ ಮಾಡುದಿಲ್ವಾ?”

ಇಲ್ಲ, ನಾವು ಹಾಗೆ ಮಾಡುತ್ತಿರಲಿಲ್ಲ. ಸಿಡ್ನಿಯಲ್ಲಿ ಕೂತ ನಮ್ಮೆಲ್ಲರ ಕೈ ಗಟ್ಟಿಯಾಗಿತ್ತು, ನಾವು ಚೌಕವನ್ನೇ ಒತ್ತುತ್ತಿದ್ದೆವು. ಆದ್ದರಿಂದ ನಮಗೆ ಯಾರಿಗೂ ಅದು ಕಂಡಿರಲಿಲ್ಲ.

ಆದದ್ದಿಷ್ಟೆ. ಪುಟದ ಒಂದೊಂದು ಚೌಕಕ್ಕೂ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಐಡಿ ಅನ್ನುತ್ತಾರೆ. ಪಕ್ಕದ ಮಾತು ಆ ಐಡಿ ಹೇಳಿ ‘ನಾನು ಇಂಥ ಚೌಕಕ್ಕೆ ಸೇರಿದ್ದು’ ಅನ್ನುತ್ತದೆ. ಆ ಮಾತನ್ನು ಒತ್ತಿದರೂ ಟಿಕ್ ಆ ಚೌಕಕ್ಕೇ ಬೀಳಬೇಕು. ನಾನು ಟೆಂಪ್ಲೇಟಿನೊಳಗೆ ಐಡಿಯನ್ನು ಒಮ್ಮೆ ಬರೆದಿದ್ದೆ. ಟೆಂಪ್ಲೇಟ್ ಎರಡು ಸಲ ಬಂದಾಗ ಅದೇ ಐಡಿ ಎರಡು ಚೌಕಕ್ಕೂ ಬಂತು. ಬ್ರೌಸರ್ ಏನು ಮಾಡೀತು? ಮೇಲಿನಿಂದ ಹುಡುಕುತ್ತ ಬಂದು ಮೊದಲು ಸಿಕ್ಕ ಚೌಕಕ್ಕೆ ಟಿಕ್ ಹಾಕಿತು. ತಕರಾರು ಎತ್ತಲಿಲ್ಲ, ಎಚ್ಚರಿಸಲೂ ಇಲ್ಲ. ಮೊದಲ ಮಗುವಿಗೂ ಅಲರ್ಜಿ ಇದ್ದು ಅದರ ಟಿಕ್ ಆಗಲೇ ಬಿದ್ದಿದ್ದರೆ, ಎರಡನೆಯದಕ್ಕೆ ಒತ್ತಿದ ಕೂಡಲೇ ಅದೂ ಅಳಿಸಿಹೋಗುತ್ತಿತ್ತು. ಶಿಬಿರದಲ್ಲಿ ಊಟ ಬಡಿಸುವವರ ಕೈಗೆ ಆ ಪಟ್ಟಿ ಹೋಗುತ್ತಿತ್ತು.

“ನಾಳೆ ಬೆಳಿಗ್ಗೆ ಸರಿ ಮಾಡುವ. ಈಗ ತಲೆ ಬಿಸಿ ಉಂಟು ನಿಂಗೆ, ಇನ್ನೊಂದು ತಪ್ಪು ಮಾಡ್ತಿ,” ಅಂದರು ಅಕ್ಕ.

ಅವರ ಅಡುಗೆಮನೆಯ ಕಪಾಟು ತೆರೆದರೆ ಸಾಲಾಗಿ ಸ್ಟೀಲಿನ ಡಬ್ಬಿಗಳು. ಎಲ್ಲದರ ಮುಚ್ಚಳದ ಮೇಲೂ ನೇಲ್ ಪಾಲಿಶಿನಲ್ಲಿ ಬರೆದ ಕೆಂಪು ಅಂಕಿ. ೧, ೨, ೩, ಹೀಗೆ, ಕನ್ನಡದಲ್ಲಿ. ೯ ಇರಲಿಲ್ಲ. ಮೇಜಿನ ಮೇಲೆ ಎರಡು ಡಬ್ಬಿಗಳನ್ನು ತಂದಿಟ್ಟರು. ಒಂದೇ ಅಳತೆ, ಒಂದೇ ಹೊಳಪು. ಎರಡರ ಹೊಟ್ಟೆಯ ಮೇಲೂ ಚುಕ್ಕೆ ಚುಕ್ಕೆಯಾಗಿ ಕೊರೆದ ಅವರ ಹೆಸರು. ಒಂದರ ಮೇಲೆ ೧, ಇನ್ನೊಂದರ ಮೇಲೆ ೨. ತೊಳೆದು ತೊಳೆದು ಅಂಕಿಗಳು ಮಾಸಿದ್ದವು.

“ಇದು ನನ್ನ ಮದುವೆಗೆ ತವರಿನಲ್ಲಿ ಕೊಟ್ಟದ್ದು. ಪಾತ್ರೆ ಅಂಗಡಿಯಲ್ಲೇ ಹೆಸರು ಕೊರೆಸಿ ಕೊಡ್ತಾರಲ್ಲ. ಕಳೀಬಾರ್ದು ಅಂತ. ಇಲ್ಲಿಗೆ ಬಂದ ಮೇಲೆ ನಾವು ಏಳೆಂಟು ಮನೆಯವರು ತಿಂಗಳಿಗೊಮ್ಮೆ ಒಟ್ಟಿಗೆ ಊಟ ಮಾಡುದು. ಒಬ್ಬೊಬ್ಬರು ಒಂದೊಂದು ತರುದು. ಮಗಳಿಗೆ ಆಗ ಆರು ವರ್ಷ. ಅವತ್ತು ನಾನು ಇಡ್ಲಿ, ಚಟ್ನಿ. ಒಂದು ಡಬ್ಬಿಯಲ್ಲಿ ಬರೇ ತೆಂಗಿನಕಾಯಿಯದ್ದು. ಇನ್ನೊಂದರಲ್ಲಿ ನೆಲಗಡಲೆ ಹಾಕಿದ್ದು, ಘಟ್ಟದ ಮೇಲಿನವರು ಕೇಳ್ತಾರೆ ಅಂತ. ಇವಳಿಗೆ ನೆಲಗಡಲೆ ತಿಂದ್ರೆ ಮೈ ತುರಿಸ್ತದೆ ಅಂತ ಗೊತ್ತಿತ್ತು. ಅಷ್ಟೇ ಅಂದ್ಕೊಂಡಿದ್ದೆ.”

ಅಕ್ಕ ೧ರ ಮುಚ್ಚಳ ತೆಗೆದು ಮತ್ತೆ ಹಾಕಿದರು.

“ನಾನು ಒಳಗೆ ಇಡ್ಲಿ ತೆಗೀತಾ ಇದ್ದೆ. ‘ಇವಳಿಗೆ ನನ್ನ ಹೆಸರಿನ ಡಬ್ಬಿಯ ಚಟ್ನಿಯನ್ನೇ ಹಾಕಿ’ ಅಂತ ಅಲ್ಲಿಂದಲೇ ಕೂಗಿದೆ. ಬಡಿಸುವವರು ಹೆಸರು ನೋಡಿದ್ರು. ನನ್ನ ಹೆಸರು ಇತ್ತು. ಹಾಕಿದ್ರು. ಅವರದ್ದು ಎಂಥ ತಪ್ಪು ಹೇಳು? ಮೊದಲು ಕೈಗೆ ಸಿಕ್ಕಿದ್ದನ್ನು ತೆಗೆದ್ರು.”

ಮಗುವಿನ ತುಟಿ ಊದಿ, ಗಂಟಲು ಕಟ್ಟಿ, ಉಸಿರಿಗೆ ಒದ್ದಾಡುವಷ್ಟರಲ್ಲಿ ಆಂಬುಲೆನ್ಸ್ ಬಂತಂತೆ. ಮೂರು ದಿನ ಆಸ್ಪತ್ರೆ. ಉಳಿದುಕೊಂಡಳು. ಡಬ್ಬಿಗಳ ಮೇಲೆ ಅಂಕಿ ಬಂದದ್ದು ಆಮೇಲೆಯೇ. ಅಂದಿನಿಂದ ಆ ಮನೆಗೆ ಕಡ್ಲೆಬೀಜ ಬಂದಿಲ್ಲ. ಮಗಳ ಚೀಲದಲ್ಲಿ ಅಲರ್ಜಿಯ ಇಂಜೆಕ್ಷನ್ ತಪ್ಪಿಲ್ಲ. ಹೊರಗಿನ ಊಟಕ್ಕೆ ಹೋದರೂ ಅವಳು ತಿನ್ನುವುದು ಅಮ್ಮ ತುಂಬಿಕೊಂಡು ಹೋದ ೧ನೇ ಡಬ್ಬಿಯಿಂದ ಮಾತ್ರ. ನಾನು ನೋಡುವ ಹೊತ್ತಿಗೆ ಅವಳು ಯೂನಿವರ್ಸಿಟಿ ಹುಡುಗಿ. ಅಮ್ಮನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಕನ್ನಡದ ಒಂದಕ್ಷರ ಓದಲು ಬಾರದು, ಆದರೆ ಅಂಕಿಗಳು ಮಾತ್ರ ನೀರು ಕುಡಿದಷ್ಟು ಸುಲಭ. ಡಬ್ಬಿ ನೋಡಿಯೇ ಕಲಿತದ್ದು.

“ಹೆಸರು ಇದ್ರೆ ಸಾಕು ಅಂದ್ಕೊಂಡಿದ್ದೆ ನಾನು,” ಅಂದರು ಅಕ್ಕ. “ಹೆಸರು ಎಷ್ಟು ಡಬ್ಬಿಗಾದ್ರೂ ಇರ್ಲಿ. ಗುರುತು ಒಂದಕ್ಕೆ ಒಂದೇ. ‘ಯಾವುದು?’ ಅಂತ ಕೇಳಿದ್ರೆ ಎರಡು ಡಬ್ಬಿ ‘ನಾನು’ ಅನ್ಬಾರ್ದು.”

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಅಕ್ಕ, ನಿನ್ನೆ ಎಲ್ಲರ ಮುಂದೆ ನಿಮ್ಮ ಕೈ ಬಗ್ಗೆ ಹಾಗಂದುಬಿಟ್ಟೆ. ದೊಡ್ಡ ತಪ್ಪು ಮಾಡಿದೆ,” ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅವರು ಸಮಾಧಾನ ಮಾಡಲಿಲ್ಲ. ಡ್ರಾಯರಿನಿಂದ ನೇಲ್ ಪಾಲಿಶಿನ ಬಾಟಲಿ ತೆಗೆದು, ಕಿರುಬೆರಳಿನ ಉಗುರಿಗೆ ಸ್ವಲ್ಪ ಸವರಿ ನೋಡಿ, ನನ್ನ ಮುಂದಿಟ್ಟರು.

“ನನ್ನ ಕೈ ನಡುಗ್ತದಲ್ವಾ? ಒಂದು ಅಂತ ಬರಿಲಿಕ್ಕೆ ಹೋದ್ರೆ ಎಂಥದೋ ಆಗ್ತದೆ. ನೀನೇ ಬರಿ. ಅಳುದು ಮತ್ತೆ ಅಳು.”

ನಾನು ಮೂಗು ಒರೆಸಿಕೊಂಡು ಮುಚ್ಚಳದ ಮೇಲೆ ೧ ಬರೆದೆ.

“ತಳಕ್ಕೂ ಬರಿ. ತೊಳೆಯುವಾಗ ಮುಚ್ಚಳ ಅದಲು ಬದಲು ಆಗ್ತದೆ. ಎರಡೂ ಒಂದೇ ಹೇಳ್ಬೇಕು.”

ಮಾರನೆಯ ದಿನ ಆಫೀಸಿನಲ್ಲಿ ಐದು ನಿಮಿಷದ ಕೆಲಸ ಅಂತ ಜಂಬದಿಂದ ಶುರು ಮಾಡಿದೆ. ಟೆಂಪ್ಲೇಟಿನ ಐಡಿಯ ಮುಂದೆ ಮಗುವಿನ ನಂಬರ್ ಸೇರುವ ಹಾಗೆ ಬರೆದೆ. ಅಕ್ಕ ಮಣಿಕಟ್ಟು ಹಿಡಿದುಕೊಂಡು ಮಾತಿನ ಮೇಲೆ ಒತ್ತಿದರು. ಈಗ ಎಲ್ಲಿಯೂ ಟಿಕ್ ಬೀಳಲಿಲ್ಲ. ಚೌಕದ ಐಡಿ ಬದಲಿಸಿದ್ದೆ, ಪಕ್ಕದ ಮಾತು ಇನ್ನೂ ಹಳೆಯ ಐಡಿಯನ್ನೇ ಹುಡುಕುತ್ತಿತ್ತು.

“ತಳಕ್ಕೆ ಬರ್ದಿ, ಮುಚ್ಚಳ ಮರ್ತಿ,” ಅಂದರು.

ಅದನ್ನೂ ಸರಿ ಮಾಡಿದೆ. ಈಗ ಮೂರು ಮಕ್ಕಳನ್ನು ಸೇರಿಸಿದರು. ಎಲ್ಲ ಸರಿ ಬಂತು. ನಾನು ಹೆಗಲು ಸಡಿಲಿಸಿಕೊಂಡು ಕೂರುವಷ್ಟರಲ್ಲಿ ನಡುವಿನ ಮಗುವನ್ನು ತೆಗೆದುಹಾಕಿ ಹೊಸದೊಂದನ್ನು ಸೇರಿಸಿದರು. ಪುಟದಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ ಮುಂದಿನ ನಂಬರ್ ಕೊಡುವ ಹಾಗೆ ನಾನು ಬರೆದಿದ್ದೆ. ಉಳಿದವರು ಇಬ್ಬರು, ಹೊಸಬನಿಗೆ ಮೂರು. ಆದರೆ ಮೂರನೆಯವನು ಆಗಲೇ ಅಲ್ಲಿದ್ದ. ಮತ್ತೆ ಎರಡು ಚೌಕಕ್ಕೆ ಒಂದೇ ಐಡಿ.

“ಅಯ್ಯೋ ಅಕ್ಕ, ನಡುವಿನ ಮಗುವನ್ನ ಯಾರು ತೆಗೀತಾರೆ!”

“ತಪ್ಪಿ ಸೇರ್ಸಿದವರು ತೆಗೀತಾರೆ. ನಮ್ಮ ಮನೆಯಲ್ಲಿ ಒಂಬತ್ತು ಇಲ್ಲ, ನೋಡಿದ್ಯಾ? ಯಾರ ಮನೆಯಲ್ಲೋ ಉಳ್ದಿದೆ. ಹೊಸ ಡಬ್ಬಿ ತಂದಾಗ ಒಂಬತ್ತು ಖಾಲಿ ಉಂಟಲ್ಲ ಅಂತ ಅದನ್ನೇ ಹಾಕ್ಲಿಲ್ಲ, ಮುಂದಿನದ್ದು ಹಾಕಿದೆ. ಒಮ್ಮೆ ಕೊಟ್ಟ ನಂಬರ್ ಇನ್ನೊಂದಕ್ಕೆ ಕೊಡ್ಲಿಕ್ಕಿಲ್ಲ. ಹಳೇದು ಒಂದು ದಿನ ವಾಪಸ್ ಬಂದ್ರೆ ಎಂಥ ಮಾಡ್ತಿ?”

ಎಣಿಸುವುದನ್ನು ಬಿಟ್ಟು, ಕೊಟ್ಟ ನಂಬರನ್ನು ಮತ್ತೆ ಕೊಡದ ಹಾಗೆ ಬರೆದೆ. ಸಂಜೆ ನಾಲ್ಕಕ್ಕೆ ಅಕ್ಕ ಸಹಿ ಹಾಕಿದರು. ಸೋಮವಾರ ಫಾರಂ ತೆರೆಯಿತು. ನನ್ನ ಕೆಲಸ ಕಾಯಂ ಆಯಿತು. ಮುಂದಿನ ಫೋನ್ ಮೀಟಿಂಗಿನಲ್ಲಿ ನಾನು ಇಂಗ್ಲಿಷಿನಲ್ಲಿಯೇ, ಎಲ್ಲರಿಗೂ ತಿಳಿಯುವ ಹಾಗೆ, ತಪ್ಪು ನನ್ನ ಟೆಂಪ್ಲೇಟಿನದು, ಅವರ ಕೈಯದಲ್ಲ ಅಂತ ಹೇಳಿದೆ. ಆ ಕಡೆಯಿಂದ ಅಕ್ಕ “ನೆಕ್ಸ್ಟ್ ಐಟಂ ಪ್ಲೀಸ್” ಅಂದರು.

ಎರಡು ವರ್ಷದ ನಂತರ ಗಂಡನ ಕೆಲಸ ಮೆಲ್ಬರ್ನಿಗೆ ಬದಲಾಯಿತು. ನಾನೂ ಅಲ್ಲಿಯ ಆಫೀಸಿಗೆ ಬಂದೆ. ಮನೆಯನ್ನೂ ಗ್ಲೆನ್ ವೇವರ್ಲಿಯಲ್ಲೇ ಹಿಡಿದೆವು, ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಿಂಗಳ ಊಟಕ್ಕೆ ನಮ್ಮನ್ನೂ ಸೇರಿಸಿಕೊಂಡರು. ಊಟದ ಹಿಂದಿನ ದಿನ ಮಧ್ಯಾಹ್ನ ಅವರ ಮನೆಗೆ ಹೋಗಿ ಮಾಸಿದ ಅಂಕಿಗಳನ್ನು ಹೊಸದಾಗಿ ಬರೆಯುವುದು ನನ್ನ ಪಾಲಿನ ಕೆಲಸವಾಯಿತು. ಬಾಟಲಿ ಒಣಗಿದೆಯೇ ಅಂತ ನೋಡುವುದು ಮಾತ್ರ ಅವರದ್ದೇ. ನನ್ನ ಅಡುಗೆಯ ರುಚಿ ನೋಡಿ “ಸಾರಿಗೆ ಉಪ್ಪು ಕಮ್ಮಿ. ಪ್ಲೀಸ್ ಸೀ” ಅನ್ನುವರು. ನಾನು ಸಿಡುಕಿದರೆ “ಮೂಗು ಕೆಂಪಾಯ್ತು ನೋಡು, ಅದಕ್ಕೂ ಒಂದು ನಂಬರ್ ಬರಿತೇನೆ” ಅನ್ನುವರು. ನನ್ನ ಕೋಪಕ್ಕೆ ನಗುವವರು ನನ್ನ ಬದುಕಿನಲ್ಲಿ ಅವರೊಬ್ಬರೇ ಇದ್ದರು.

ಎರಡು ಸಾವಿರದ ಒಂಬತ್ತರಲ್ಲಿ ಅವರಿಗೆ ಕಾಯಿಲೆ ಬಂತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ನೋಡಲು ಹೋದಾಗಲೆಲ್ಲ ಆಫೀಸಿನ ಸುದ್ದಿ ಕೇಳುತ್ತಿದ್ದರು. ಒಂದು ಮಧ್ಯಾಹ್ನ, ಮಗಳು ಕಾಫಿ ತರಲು ಕೆಳಗೆ ಹೋಗಿದ್ದಾಗ, “ಒಂದನೇ ಡಬ್ಬಿ ನೀನು ತಕೊಂಡು ಹೋಗು,” ಅಂದರು.

ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಗಾಬರಿಯಾಯಿತು. “ನನ್ನ ಕೈಲಿ ಆಗಲ್ಲಕ್ಕ. ಅವಳಿಗೆ ನಾನು ಬಡಿಸೋದಾ? ನಂಗೆ ಭಯ ಆಗುತ್ತೆ.”

“ಭಯ ಇರ್ಲಿ. ಭಯ ಇದ್ದವರೇ ತಳ ತಿರುಗಿಸಿ ನೋಡುದು.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು, “ಅವಳಿಗೆ ಚಟ್ನಿ ಅಂದ್ರೆ ಇಷ್ಟ ಮಾರಾಯ್ತಿ. ನಾನು ಹೋದ ಮೇಲೆ ಬರೇ ಬ್ರೆಡ್ಡು ತಿಂದ್ಕೊಂಡು ಇರ್ತಾಳೆ.”

ಹತ್ತು ದಿನಕ್ಕೆ ಅಕ್ಕ ಹೋಗಿಬಿಟ್ಟರು.

ಡಬ್ಬಿ ತಂದ ದಿನವೇ ನಾನು ಮನೆಯಲ್ಲಿದ್ದ ಕಡ್ಲೆಬೀಜವನ್ನೆಲ್ಲ ಪಕ್ಕದ ಮನೆಗೆ ಕೊಟ್ಟು, ಮಿಕ್ಸಿಯ ಹಳೆಯ ಜಾರನ್ನು ಎಸೆದು ಹೊಸದು ತಂದೆ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಹುರಿಗಡಲೆಗೆ ಒಗ್ಗಿಕೊಂಡ. ಸಾಮಾನಿನ ಪೊಟ್ಟಣಗಳ ಹಿಂದೆ ಸಣ್ಣಕ್ಷರದಲ್ಲಿ ಬರೆದದ್ದನ್ನು ಅಕ್ಕನ ಹಾಗೆ ತುಟಿ ಅಲ್ಲಾಡಿಸಿ ಓದುವುದು ಕಲಿತೆ.

ಅವರು ಹೋದ ಮೇಲಿನ ಮೊದಲ ತಿಂಗಳ ಊಟಕ್ಕೆ ಮಗಳು ಬರುತ್ತಾಳೋ ಇಲ್ಲವೋ ಅಂದುಕೊಂಡಿದ್ದೆವು. ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಎರಡು ತುಂಡು ಬ್ರೆಡ್ಡು. ಎಲ್ಲರೂ ತಟ್ಟೆ ಹಿಡಿದು ನಿಂತಾಗ ಅವಳು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಪೊಟ್ಟಣ ಬಿಚ್ಚುತ್ತಿದ್ದಳು. ನಾನು ಹೋಗಿ ಡಬ್ಬಿಯನ್ನೂ ನಾಲ್ಕು ಇಡ್ಲಿಯನ್ನೂ ಅವಳ ಮುಂದಿಟ್ಟೆ.

“ತೆಂಗಿನಕಾಯಿ ಚಟ್ನಿ. ಬೆಳಿಗ್ಗೆ ನಾನೇ ಮಾಡಿದ್ದು,” ಅಂದೆ.

ಅವಳು ಮುಚ್ಚಳ ನೋಡಿದಳು. ೧. ಮುಚ್ಚಳ ಗಟ್ಟಿಯಾಗಿದೆಯೇ ಅಂತ ಒತ್ತಿ, ಡಬ್ಬಿಯನ್ನು ಮೇಲೆತ್ತಿ ತಳ ನೋಡಿದಳು. ೧. ಬಣ್ಣ ಹೊಸದಾಗಿತ್ತು. ಆಮೇಲೆ ನನ್ನ ಎಡಗೈಯ ಕಿರುಬೆರಳು ನೋಡಿದಳು. ಹಿಂದಿನ ದಿನ ಬಾಟಲಿ ಒಣಗಿದೆಯೇ ಅಂತ ನಾನು ಸವರಿ ನೋಡಿದ್ದು ಅಲ್ಲೇ ಇತ್ತು.

ಆರನೆಯ ವಯಸ್ಸಿನಿಂದಾಚೆಗೆ ಅಮ್ಮನನ್ನು ಬಿಟ್ಟು ಯಾರ ಕೈಯ ಚಟ್ನಿಯನ್ನೂ ಮುಟ್ಟದ ಹುಡುಗಿ ಬ್ರೆಡ್ಡಿನ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ತಟ್ಟೆಯನ್ನು ನನ್ನ ಕಡೆ ಚಾಚಿದಳು.

“ಚಟ್ನಿ ಜಾಸ್ತಿ ಹಾಕಿ ಆಂಟಿ,” ಅಂದಳು, ಕನ್ನಡದಲ್ಲಿ.

ಬಡಿಸುವಾಗ ನನ್ನ ಕೈ ನಡುಗುತ್ತಿತ್ತು. ಅವಳು ಅದನ್ನು ನೋಡಿದಳು. ನೋಡಿ ತಟ್ಟೆಯನ್ನು ಇನ್ನಷ್ಟು ಹತ್ತಿರ ತಂದಳು.